ಉಪಯೋಗಕ್ಕೆ ಬಾರದ ಜಾಗ

ನಮ್ಮ ಬಡಾವಣೆಯ ಪಾರ್ಕನ್ನು ಹೊಗಳದವರಿಲ್ಲ. ಚಿಂತಾಮಣಿಯಿಂದ ಬಂದಿದ್ದ ನನ್ನ ನಾದಿನಿ, ಯಾವುದನ್ನೂ ಸುಲಭಕ್ಕೆ ಒಪ್ಪದ ಹೆಂಗಸು, ಅವಳೂ ಒಂದು ಸುತ್ತು ನಡೆದು ಬಂದು “ಪರವಾಗಿಲ್ವೇ, ನಿಮ್ಮ ಶಿಡ್ಲಘಟ್ಟದಲ್ಲೂ ಇಂಥದ್ದು ಮಾಡ್ತಾರೆ” ಅಂದಳು. ಹುಲ್ಲುಹಾಸು, ಸುತ್ತ ನಡೆಯಲು ಸಿಮೆಂಟ್ ಇಟ್ಟಿಗೆಯ ದಾರಿ, ಎರಡು ಜೋಕಾಲಿ, ಕಲ್ಲುಬೆಂಚು, ಕಬ್ಬಿಣದ ಬೇಲಿ. ಎಲ್ಲ ಚೆನ್ನಾಗಿಯೇ ಇದೆ. ಅದಕ್ಕೆ ಅರ್ಜಿ ಬರೆದವಳು ನಾನೇ. ಯಾರಾದರೂ ಹೊಗಳಿದರೆ “ಹ್ಞೂ, ಹ್ಞೂ” ಅಂದು ಮಾತು ಬದಲಾಯಿಸುತ್ತೇನೆ, ಯಾಕೆಂದರೆ ಆ ಅರ್ಜಿಯಲ್ಲಿ ನಾನು ಒಂದು ಸುಳ್ಳು ಬರೆದಿದ್ದೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ‘ಸುಳ್ಳು ಹೇಳಬಾರದು’ ಅಂತ ಎಷ್ಟು ಮಕ್ಕಳ ಕೈಯಲ್ಲಿ ಕಾಪಿ ಬರೆಸಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯ ದುಡ್ಡಿನಲ್ಲಿ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಎದುರಿಗೆ ಪಾರ್ಕಿಗೆಂದು ಬಿಟ್ಟ ಖಾಲಿ ಜಾಗವಿತ್ತು. ಖಾಲಿ ಅಂತ ನಕ್ಷೆಯಲ್ಲಿತ್ತು ಅಷ್ಟೆ. ಸಂಜೆ ನಾಲ್ಕೂವರೆ ಆಯಿತೆಂದರೆ ಅಲ್ಲಿ ಹತ್ತು ಹನ್ನೆರಡು ಹುಡುಗಿಯರು ಖೋ ಖೋ ಆಡುತ್ತಿದ್ದರು.

ಆಡಿಸುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಬಡಾವಣೆಯ ಹಿಂದಿನ ಬೀದಿಯವಳು, ರೇಷ್ಮೆ ನೂಲು ಬಿಚ್ಚುವ ಫಿಲೇಚರ್‌ನಲ್ಲಿ ಕೆಲಸ. ಬೆಳಗ್ಗೆಯಿಂದ ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಹೈಸ್ಕೂಲಿನಲ್ಲಿ ವಿಭಾಗ ಮಟ್ಟದವರೆಗೆ ಆಡಿದ್ದವಳು, ಮದುವೆಯಾದ ಮೇಲೆ ಆಟ ಅಲ್ಲಿಗೇ ನಿಂತಿತ್ತು. ಕೆಲಸ ಮುಗಿಸಿ, ಫಿಲೇಚರ್ ಒಲೆಯ ಬೂದಿಯನ್ನು ಬಕೆಟ್ಟಿನಲ್ಲಿ ತಂದು ಗೆರೆ ಎಳೆಯುತ್ತಿದ್ದಳು. ಎರಡು ತುದಿಗೂ ನೀಲಗಿರಿ ಕಂಬ ನೆಟ್ಟಿದ್ದಳು. ಜಾಲಿಗಿಡ ಕಡಿದು, ಕಲ್ಲು ಆಯ್ದು, ನೀರು ಚಿಮುಕಿಸಿ ನೆಲವನ್ನು ಎಷ್ಟು ಹದ ಮಾಡಿಟ್ಟಿದ್ದಳೆಂದರೆ ಬರಿಗಾಲಲ್ಲಿ ಓಡಿದರೂ ಮುಳ್ಳು ಚುಚ್ಚುತ್ತಿರಲಿಲ್ಲ.

ಹುಡುಗಿಯರೆಲ್ಲ ಅದೇ ಬೀದಿಯವರು, ಅಮ್ಮಂದಿರೂ ನೂಲು ಬಿಚ್ಚುವವರೇ. ಅಬ್ಬಬ್ಬಾ, ಏನು ಗಲಾಟೆ! ಕನ್ನಡ ತೆಲುಗು ಎರಡನ್ನೂ ಕಲಸಿ, “ಹಿಡ್ಕೊಳ್ಳೇ, ಪಟ್ಟುಕೋವೇ!” ಅಂತ ಕಿರುಚುತ್ತಿದ್ದರು. ನಾನು ಕಾಂಪೌಂಡಿನ ಹತ್ತಿರ ಕಾಫಿ ಲೋಟ ಹಿಡಿದು ನಿಂತು “ಸ್ವಲ್ಪ ಮೆಲ್ಲಗೆ ಆಡ್ರೇ, ಕಿವಿ ತೂತು ಬೀಳುತ್ತೆ” ಅಂತ ಗದರುತ್ತಿದ್ದೆ, ಆಮೇಲೆ ಅವರಿಗೇ ಕುಡಿಯಲು ಕೊಡ ತುಂಬಾ ನೀರು ಇಡುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಅದು ಬಹಳ ಇಷ್ಟವಾಗಿತ್ತು. ನನ್ನ ಶಾಲೆಗೆ ಮೈದಾನವೇ ಇರಲಿಲ್ಲ. ಮಕ್ಕಳು ಹೀಗೆ ಮೈಮರೆತು ಓಡುವುದನ್ನು ನಾನು ಸೇವೆಯಲ್ಲಿದ್ದಾಗ ನೋಡಿದ್ದು ಕಡಿಮೆ.

ಅವರಲ್ಲಿ ಒಬ್ಬಳು, ಎರಡು ಜಡೆಯ ಕಡ್ಡಿಯಂಥ ಹುಡುಗಿ, ಒಂಬತ್ತನೇ ತರಗತಿಯವಳು, ಯಾರ ಕೈಗೂ ಸಿಗುತ್ತಿರಲಿಲ್ಲ. ಒಂದು ದಿನ ನೀರು ಕುಡಿಯಲು ಬಂದಾಗ ನನ್ನ ವಿದ್ಯಾರ್ಥಿನಿ ಅವಳನ್ನು ತೋರಿಸಿ ಹೇಳಿದಳು: “ಇವಳನ್ನ ಕ್ರೀಡಾ ಹಾಸ್ಟೆಲ್‌ಗೆ ಸೇರಿಸ್ಬೇಕು ಮೇಡಂ. ಚಿಕ್ಕಬಳ್ಳಾಪುರದಲ್ಲಿ ಆಯ್ಕೆ ಮಾಡ್ತಾರೆ. ಇನ್ನೊಂದು ವರ್ಷ ಬಿಡದೆ ಆಡಿಸಿದ್ರೆ ಗ್ಯಾರಂಟಿ ಸಿಗುತ್ತೆ. ಇಲ್ದಿದ್ರೆ ಹತ್ತನೇ ಕ್ಲಾಸ್ ಆಗ್ತಿದ್ದ ಹಾಗೇ ನಮ್ ಥರ ಬಿಸಿನೀರಿಗೆ ಕೈ ಹಾಕಿಸ್ತಾರೆ.”

“ಸೇರಿಸೋಣ ಬಿಡಮ್ಮ” ಅಂದಿದ್ದೆ. ಬಾಯಿಮಾತಿಗೆ ಏನು ಖರ್ಚು!

ನಾಲ್ಕು ವರ್ಷದ ಹಿಂದೆ, ಬಡಾವಣೆಗಳ ಪಾರ್ಕಿಗೆ ಅನುದಾನ ಬಂದಿದೆ, ನಿವಾಸಿಗಳು ಅರ್ಜಿ ಕೊಟ್ಟರೆ ಮೊದಲು ಕೊಡುತ್ತಾರೆ ಅಂತ ಸುದ್ದಿ ಬಂತು. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು. ಭಾನುವಾರ ಹನ್ನೊಂದು ಗಂಟೆಗೆ ಅವರ ಮನೆಯ ಮಹಡಿಯ ಮೇಲೆ ಸಭೆ. ಅದಕ್ಕೆ ಹಿಂದಿನ ಬೀದಿಯವರನ್ನು ಯಾರೂ ಕರೆಯಲಿಲ್ಲ, ಕರೆದರೂ ಆ ಹೊತ್ತಿಗೆ ಅವರೆಲ್ಲ ಫಿಲೇಚರ್‌ನಲ್ಲಿರುತ್ತಾರೆ. ಹಿಂದಿನ ಸಂಜೆ ನಾನೇ ನನ್ನ ವಿದ್ಯಾರ್ಥಿನಿಗೆ ವಿಷಯ ಹೇಳಿದ್ದೆ.

“ನಮ್ಮ ಜಾಗ ಇರುತ್ತಲ್ಲ ಮೇಡಂ?” ಅಂತ ಕೇಳಿದಳು.

“ಇರದೆ ಎಲ್ಲಿಗೆ ಹೋಗುತ್ತೆ? ನಾನಿದ್ದೀನಲ್ಲ ಕಣೇ.”

ಸಭೆಯಲ್ಲಿ ವಾಕಿಂಗ್ ದಾರಿ ಬೇಕು, ಬೆಂಚು ಬೇಕು, ಹೂಗಿಡ ಬೇಕು ಅಂತ ಎಲ್ಲರೂ ಒಂದೊಂದು ಹೇಳಿದರು. “ಮೇಡಂ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ನೀವೇ ತುಂಬಿಬಿಡಿ” ಅಂತ ಅರ್ಜಿಯನ್ನು ನನ್ನ ಮುಂದೆ ಇಟ್ಟರು. ಹೊಗಳಿಕೆಗೆ ನಾನು ಉಬ್ಬುವವಳೇ, ಅದರಲ್ಲಿ ಸಂಶಯವಿಲ್ಲ. ಬರೆಯುತ್ತಾ ಹೋದೆ. ‘ಈ ಜಾಗ ಈಗ ಯಾವುದಕ್ಕೆ ಬಳಕೆಯಾಗುತ್ತಿದೆ?’ ಅನ್ನುವ ಪ್ರಶ್ನೆ ಬಂತು. ಪೆನ್ನು ನಿಂತಿತು.

“ಹುಡುಗೀರು ಖೋ ಖೋ ಆಡ್ತಾರಲ್ಲ, ಬರೀಲಾ?” ಅಂದೆ.

ಅಧ್ಯಕ್ಷರು ನಕ್ಕರು. “ಏನ್ ಮೇಡಂ, ಇಷ್ಟು ವರ್ಷ ಸರ್ವೀಸ್ ಮಾಡಿ ನಿಮಗೆ ಗೊತ್ತಿಲ್ವಾ? ಆಗ್ಲೇ ಬಳಕೆ ಆಗ್ತಿದೆ ಅಂದ್ರೆ ನಿಮಗ್ಯಾಕೆ ಅನುದಾನ ಅಂತಾರೆ. ಏನೂ ಇಲ್ಲ ಅಂತ ಬರೀರಿ. ಅತ್ತರೆ ತಾನೇ ಹಾಲು?”

ಗೊತ್ತಿಲ್ಲದೆ ಏನು! ಇಲಾಖೆಗೆ ವರ್ಷ ವರ್ಷ ವರದಿ ಕಳಿಸಿದವಳು ನಾನು. ಎರಡು ನಲ್ಲಿಯಲ್ಲಿ ಒಂದು ಸೋರಿದರೆ ‘ಕುಡಿಯುವ ನೀರು: ಇಲ್ಲ’. ಬೀರುವಿನ ಬಾಗಿಲು ಸಡಿಲವಾದರೆ ‘ಬೀರು: ಇಲ್ಲ’. ಇದೆ ಅಂತ ನಿಜ ಬರೆದ ಪಕ್ಕದೂರಿನ ಮೇಷ್ಟ್ರಿಗೆ ಹತ್ತು ವರ್ಷವಾದರೂ ಹೊಸ ಬೀರು ಬರಲಿಲ್ಲ. ಕೇಳಿ ಪಡೆಯುವ ಕಡೆ ‘ಇಲ್ಲ’ ಅಂತ ಬರೆಯುವುದು ನಮ್ಮ ಕಡೆ ಸುಳ್ಳಿನ ಲೆಕ್ಕಕ್ಕೇ ಬರುವುದಿಲ್ಲ, ಅದು ಜಾಣತನ. ಹಾಗಾಗಿ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ: ‘ಯಾವ ಉಪಯೋಗಕ್ಕೂ ಬರುತ್ತಿಲ್ಲ. ಮುಳ್ಳುಗಿಡ ಬೆಳೆದು ಪಾಳು ಬಿದ್ದಿದೆ.’ ಅದರ ಕೆಳಗೆ, ‘ಕ್ರೀಡಾ ಚಟುವಟಿಕೆ: ಇಲ್ಲ.’ ಮೊದಲು ದುಡ್ಡು ಬರಲಿ, ಆಮೇಲೆ ಹುಡುಗಿಯರಿಗೆ ಒಂದು ಮೂಲೆ ಬಿಡಿಸಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡು ಸಹಿ ಹಾಕಿದೆ.

ದುಡ್ಡು ಬಂತು. ಒಂದು ಬೆಳಗ್ಗೆ ಜೆಸಿಬಿ ಬಂದು ಎರಡೂ ಕಂಬಗಳನ್ನು ಕಿತ್ತು ಬದಿಗೆ ಹಾಕಿತು. ಸಂಜೆ ಹುಡುಗಿಯರು ಬಂದು ಸಾಲಾಗಿ ರಸ್ತೆಯ ಅಂಚಿನಲ್ಲಿ ನಿಂತರು. ನನ್ನ ವಿದ್ಯಾರ್ಥಿನಿ ನೇರ ನಮ್ಮ ಮನೆಗೆ ಬಂದಳು. “ಬಾ, ಇಂಜಿನಿಯರ್ ಅಲ್ಲೇ ಇದ್ದಾರೆ, ಮಾತಾಡೋಣ” ಅಂತ ನಾನೇ ಧೈರ್ಯವಾಗಿ ಮುಂದೆ ನಡೆದೆ.

ಇಂಜಿನಿಯರ್ ಇನ್ನೂ ಎಳೆ ವಯಸ್ಸಿನವರು, ಮರ್ಯಾದಸ್ಥರು. ಸ್ಕೂಟರಿನ ಮೇಲೆ ಫೈಲು ಬಿಚ್ಚಿದರು. “ಮೇಡಂ, ಇಲ್ಲಿ ಆಟ ಆಡ್ತಾರೆ ಅಂತ ಒಂದು ಮಾತು ಬರ್ದಿದ್ರೆ ಅರ್ಧ ಭಾಗ ಮಣ್ಣಿನ ಅಂಕಣ ಬಿಟ್ಟೇ ಪ್ಲಾನ್ ಮಾಡ್ತಿದ್ವಿ. ಇದರಲ್ಲಿ ಏನೂ ಇಲ್ಲ ಅಂತಿದೆಯಲ್ಲ, ನೋಡಿ” ಅಂತ ಅರ್ಜಿಯನ್ನು ತಿರುಗಿಸಿ ಹಿಡಿದರು.

ನಾನು ನೋಡಬೇಕಾಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವಳು ನೋಡಿದಳು. ಅವಳಿಗೆ ಅ ಆ ತಿದ್ದಿಸಿದ್ದು ನಾನು. ಆ ಅಕ್ಷರ ಯಾರದೆಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ಸಾಲು ಓದಿ ಕಣ್ಣು ಕೆಳಗೆ ಮಾಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

“ಈಗ್ಲೂ ಟೈಮಿದೆ” ಅಂದರು ಇಂಜಿನಿಯರ್. “ಕಾಂಕ್ರೀಟ್ ಬೀಳೋಕೆ ಒಂದು ವಾರ ಇದೆ. ಇಲ್ಲಿ ಮೊದಲಿಂದ ಹೆಣ್ಮಕ್ಕಳು ಆಡ್ತಿದ್ರು, ಅರ್ಜೀಲಿ ತಪ್ಪಾಗಿ ಬರ್ದಿದ್ದೀವಿ ಅಂತ ಅರ್ಜಿ ಬರೆದವರೇ ಒಂದು ಪತ್ರ ಕೊಡ್ಲಿ. ಪ್ಲಾನ್ ಬದಲಾಯಿಸ್ತೀನಿ.”

ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಸಲ: “ಪತ್ರ ಕೊಡ್ತೀರಾ ಮೇಡಂ?”

“ನೋಡೋಣ ಕಣಮ್ಮ, ಅಧ್ಯಕ್ಷರನ್ನ ಒಂದು ಮಾತು ಕೇಳ್ತೀನಿ” ಅಂದೆ.

ಅಧ್ಯಕ್ಷರು ಹೌಹಾರಿದರು. “ಸುಳ್ಳು ಅರ್ಜಿ ಕೊಟ್ಟಿದ್ದೀವಿ ಅಂತ ನಾವೇ ಬರ್ಕೊಡೋದಾ? ದುಡ್ಡು ವಾಪಸ್ ಹೋದ್ರೆ? ಆಮೇಲೆ ಸಹಿ ನಿಮ್ದು ಮೇಡಂ, ನಂದಲ್ಲ. ಪೆನ್ಷನ್ ತಗೊಳ್ಳೋರು ನೀವು, ಯೋಚನೆ ಮಾಡಿ.” ನನಗೆ ಪೆನ್ಷನ್ ಹೋಗುತ್ತದೆ ಅನ್ನುವ ಭಯವೇನೂ ಇರಲಿಲ್ಲ, ಅಷ್ಟು ಕಾನೂನು ನನಗೂ ಗೊತ್ತು. ಬೀದಿಯಲ್ಲಿ ಹೋದರೆ ಈಗಲೂ ಜನ ಎದ್ದು ನಿಂತು ನಮಸ್ಕಾರ ಹೇಳುತ್ತಾರಲ್ಲ, ಆ ಮರ್ಯಾದೆ ಹೋಗುತ್ತದೆ ಅಂತ ಹೆದರಿದೆ. ಟೀಚರಮ್ಮ ಸುಳ್ಳು ಬರೆದಿದ್ದಳಂತೆ ಅಂತ ಕಚೇರಿಯಲ್ಲೆಲ್ಲ ಆಡಿಕೊಳ್ಳುತ್ತಾರೆ ಅಂತ ಹೆದರಿದೆ. ಕಾಗದ ತೆಗೆದು ‘ಮಾನ್ಯರೇ’ ಅಂತ ಬರೆದು ಹಾಗೇ ಇಟ್ಟೆ. ನಾಳೆ ಬರೆದರಾಯಿತು ಅಂತ ವಾರ ಕಳೆಯಿತು. ಅವಳು ಮತ್ತೆ ಬಂದು ಕೇಳಲೂ ಇಲ್ಲ. ಬೇರೆ ಏನೋ ವ್ಯವಸ್ಥೆ ಮಾಡಿಕೊಂಡಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಏಳನೇ ದಿನ ಕಾಂಕ್ರೀಟ್ ಬಿತ್ತು. ಆಮೇಲೆ ಅವಳು ಹುಡುಗಿಯರನ್ನು ಕರೆದುಕೊಂಡು ಯಾರದೋ ಬೀಳು ಬಿಟ್ಟ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿದ್ದಳಂತೆ. ಮೂರು ತಿಂಗಳಿಗೆ ತೋಟದವರು ಹೊಸ ಹಿಪ್ಪುನೇರಳೆ ಕಡ್ಡಿ ನೆಟ್ಟರು, ಆ ಜಾಗವೂ ಹೋಯಿತು. ಅದಕ್ಕಿಂತ ದೂರ ಕಳಿಸುವುದಿಲ್ಲ ಅಂತ ಮನೆಗಳಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿದರು. ಇದೆಲ್ಲ ನನ್ನ ಮನೆಗೆ ಕೆಲಸಕ್ಕೆ ಬರುವವಳ ಬಾಯಿಂದ ಕೇಳಿದ್ದು. ನಾನಾಗಿ ಹೋಗಿ ವಿಚಾರಿಸಲಿಲ್ಲ, ಯಾವ ಮುಖ ಹೊತ್ತು ಹೋಗಲಿ? ದಿನಾ ಬೆಳಗ್ಗೆ ಸಿಮೆಂಟ್ ದಾರಿಯಲ್ಲಿ ಆರು ಸುತ್ತು ನಡೆಯುತ್ತಿದ್ದೆ. ಹುಲ್ಲಿನ ಮೇಲೆ ‘ಆಟವಾಡುವುದನ್ನು ನಿಷೇಧಿಸಲಾಗಿದೆ’ ಅಂತ ಹಲಗೆ ಬೇರೆ ನೆಟ್ಟಿದ್ದರು. ಸಂಘದ ಖರ್ಚಿನಲ್ಲೇ.

ಕಳೆದ ತಿಂಗಳು, ವಾರ್ಡುಗಳಲ್ಲಿ ಹೆಣ್ಣುಮಕ್ಕಳ ಆಟಕ್ಕೆ ನೆರವು ಕೊಡುತ್ತಾರೆ ಅಂತ ತಿಳಿಯಿತು. ಯಾರನ್ನೂ ಕೇಳದೆ ಆವತ್ತೇ ಕೂತು ಪತ್ರ ಬರೆದೆ. ಮೊದಲ ಅರ್ಜಿಯಲ್ಲಿ ನಾನು ಸುಳ್ಳು ಬರೆದಿದ್ದೆ, ಈ ಜಾಗವನ್ನು ಮೈದಾನ ಮಾಡಿದ್ದವರು ಇಂಥ ಬೀದಿಯ ಹೆಣ್ಣುಮಕ್ಕಳು, ಹುಲ್ಲುಹಾಸಿನ ಅರ್ಧ ತೆಗೆದು ಅಂಕಣ ಮಾಡಿಕೊಡಿ. ಎರಡು ಪುಟ, ನನ್ನ ಪೂರ್ತಿ ಹೆಸರು, ಸಹಿ. ಅದನ್ನು ಹಿಡಿದುಕೊಂಡು ಫಿಲೇಚರ್‌ಗೇ ಹೋದೆ.

ಒಳಗೆ ಹಬೆ, ಬೆಂದ ಗೂಡಿನ ವಾಸನೆ. ಅವಳ ಎರಡೂ ಕೈ ಒದ್ದೆ, ಹಾಗಾಗಿ ನಾನೇ ಪತ್ರವನ್ನು ಅವಳ ಕಣ್ಣ ಮುಂದೆ ಹಿಡಿದೆ. ನಿಧಾನವಾಗಿ ಓದಿದಳು, ಪುಟ ತಿರುಗಿಸಿ ಅಂತ ಕತ್ತಿನಲ್ಲೇ ಹೇಳಿ ಎರಡನೆಯದನ್ನೂ ಓದಿದಳು. ಪಕ್ಕದ ಬಿಸಿನೀರಿನ ತೊಟ್ಟಿಯ ಮುಂದೆ ಕೂತಿದ್ದ ಹುಡುಗಿ ನನ್ನನ್ನು ಕಂಡು ಎದ್ದು ನಿಂತು “ನಮಸ್ಕಾರ ಮೇಡಂ” ಅಂದಳು. ಎರಡು ಜಡೆ ಹೋಗಿ ಒಂದು ಜಡೆಯಾಗಿತ್ತು, ಆದರೂ ಗುರುತು ಸಿಕ್ಕಿತು. ಬೆರಳ ತುದಿ ಬೆಳ್ಳಗಾಗಿತ್ತು. “ಕೂತ್ಕೋಮ್ಮ” ಅಂದೆ. ಕೂತು, ಮತ್ತೆ ನೀರಿಗೆ ಕೈ ಹಾಕಿದಳು.

“ತಪ್ಪು ನಂದು ಕಣೇ” ಅಂದೆ ನನ್ನ ವಿದ್ಯಾರ್ಥಿನಿಗೆ. “ಅವತ್ತೇ ಕೊಡಬೇಕಿತ್ತು. ಹೆದರಿಬಿಟ್ಟೆ. ನೀನಾದ್ರೂ ಇನ್ನೊಂದು ಸಲ ಬಂದು ಜೋರು ಮಾಡಿ ಕೇಳಬಾರದಿತ್ತಾ?”

“ಕೇಳ್ಬೇಕು ಅಂತಾನೇ ಮಾರನೇ ದಿನ ನಿಮ್ಮನೆ ಗೇಟ್‌ವರೆಗೂ ಬಂದಿದ್ದೆ ಮೇಡಂ” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಕಿಟಕೀಲಿ ಕಾಣಿಸ್ತಿದ್ರಿ. ಕಾಗದ ಮುಂದಿಟ್ಕೊಂಡು ತಲೆ ಹಿಡ್ಕೊಂಡು ಕೂತಿದ್ರಿ. ನಿಮಗೆ ಕಷ್ಟ ಆಗ್ತಿದೆ ಅಂತ ಗೊತ್ತಾಯ್ತು. ನಮ್ ಮೇಡಂನ ಎಲ್ಲಾರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡ್ಬಾರ್ದು ಅಂತ ವಾಪಸ್ ಹೋದೆ.”