ಇನ್ನೂರು ವರ್ಷ ತಡವಾಗಿ ಹುಟ್ಟಿದ ಕವಿ

ಒಬ್ಬ ಕವಿಯನ್ನು ನಾನು ಇನ್ನೂರು ವರ್ಷ ತಡವಾಗಿ ಹುಟ್ಟಿಸಿದ್ದೇನೆ. ಬ್ರಹ್ಮನೂ ಹಿಂಜರಿಯುವ ಈ ಕೆಲಸವನ್ನು ಅರ್ಧ ಇಂಚಿನ ಬ್ರಷ್ಷಿನಿಂದ ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದೆ. ಕವಿಯ ಹೆಸರು ಹೇಳುವುದಿಲ್ಲ. ಅವರಿಗೆ ನನ್ನಿಂದ ಆಗಿರುವ ಅಪಚಾರವೇ ಸಾಕಷ್ಟಿದೆ.

ನಾನು ಬೋರ್ಡು ಬರೆಯುವವನು. ಓದಿದ್ದು ಎಸ್ಸೆಸ್ಸೆಲ್ಸಿ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ಯಂತ್ರಗಳ ಮೇಲೆ ನಂಬರು ಬರೆದು, ಆಮೇಲೆ ಶಿವಮೊಗ್ಗದ ಗಾಂಧಿ ಬಜಾರಿನ ಸಂದಿಯೊಂದರಲ್ಲಿ ಅಂಗಡಿ ಇಟ್ಟೆ. ಬಟ್ಟೆ ವ್ಯಾಪಾರಿಯಿಂದ ಹಲ್ಲಿನ ಡಾಕ್ಟರರವರೆಗೆ ಎಷ್ಟೋ ಜನರ ಹೆಸರು ನನ್ನ ಕೈಯಿಂದಲೇ ಬೀದಿಗೆ ಬಂದದ್ದು. ತೊಂಬತ್ತರ ದಶಕದ ಆರಂಭದಲ್ಲಿ ದುರ್ಗಿಗುಡಿ ಕಡೆಯ ಹೈಸ್ಕೂಲೊಂದರ ಕನ್ನಡ ಪಂಡಿತರು ಬಂದು, ಎಂಟನೇ ಕ್ಲಾಸಿನ ಗೋಡೆಯ ಮೇಲೆ ಸಾಹಿತ್ಯ ಚರಿತ್ರೆಯ ಕಾಲರೇಖೆ ಬರೆದುಕೊಡಬೇಕು ಎಂದರು. ಬಾಗಿಲ ಪಕ್ಕ ಹಳಗನ್ನಡದಿಂದ ಹೊರಟ ಗೆರೆ ಮೂರು ಗೋಡೆ ಸುತ್ತಿ ಕರಿಹಲಗೆಯ ಹತ್ತಿರ ನಮ್ಮ ಕಾಲಕ್ಕೆ ಬಂದು ನಿಲ್ಲಬೇಕು. ಶತಮಾನಕ್ಕೆ ಮೂರು ಅಡಿ.

ಬರೆಯಲು ನಿಂತ ಮೇಲೆಯೇ ನನಗೆ ಚರಿತ್ರೆ ಎಂದರೇನು ಎಂಬುದು ಸ್ವಲ್ಪ ತಿಳಿದದ್ದು. ಹಳಗನ್ನಡದ ಕವಿಗಳಿಗೆ ಉದ್ದುದ್ದ ಬಿರುದುಗಳು. ಎಲ್ಲವನ್ನೂ ಬರೆದರೆ ಒಬ್ಬರಿಗೇ ಒಂದು ಗೋಡೆ ಬೇಕು. ಹನ್ನೆರಡನೇ ಶತಮಾನಕ್ಕೆ ಬಂದರೆ ವಚನಕಾರರ ನೂಕುನುಗ್ಗಲು, ಭದ್ರಾವತಿಗೆ ಹೋಗುವ ಬೆಳಗಿನ ಬಸ್ಸಿನ ಹಾಗೆ. ಮುಂದೆ ಎಲ್ಲೋ ಒಂದಿಷ್ಟು ಕಾಲ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ನನಗೆ ತುಂಬ ಹಿಡಿಸಿದ್ದು ಪಂಡಿತರು ಕೊಟ್ಟ ಪಟ್ಟಿಯಲ್ಲಿ ಇಸವಿಗಳ ಹಿಂದೆ ಹಾಕಿದ್ದ ‘ಸುಮಾರು’ ಎಂಬ ಮಾತು. ಅದರೊಳಗೆ ಇಪ್ಪತ್ತೈದು ವರ್ಷ ಆರಾಮವಾಗಿ ಕಾಲು ಚಾಚಿ ಮಲಗಬಹುದು. ಇಂಥ ಒಂದು ಮಾತು ನಮ್ಮ ಕಸುಬಿನಲ್ಲೂ ಇದ್ದಿದ್ದರೆ ಎಷ್ಟು ಬೈಗುಳ ತಪ್ಪುತ್ತಿತ್ತು!

ಹನ್ನೆರಡನೇ ಶತಮಾನ ಮುಗಿಯುವಲ್ಲಿಗೆ ಸರಿಯಾಗಿ ಕಿಟಕಿ ಬಂತು. ಅದೇ ಶತಮಾನದ ನಮ್ಮ ಕವಿಗೆ ಜಾಗ ಉಳಿಯಲಿಲ್ಲ. ಕಿಟಕಿಯ ಆಚೆ ಹದಿನಾಲ್ಕನೇ ಶತಮಾನದಲ್ಲಿ ಖಾಲಿ ಗೋಡೆ ಇತ್ತು, ಅಲ್ಲಿ ಕೂರಿಸಿದೆ. ಪಂಡಿತರಿಗೆ ಕಣ್ಣಿನ ಪೊರೆ. “ಅಕ್ಷರ ಮುತ್ತಿನ ಹಾಗಿದೆ ಕಣಯ್ಯ” ಎಂದು ಬೆನ್ನು ತಟ್ಟಿದರು, ಅದೇ ವರ್ಷ ನಿವೃತ್ತರಾದರು. ಕವಿ ಅಲ್ಲೇ ಉಳಿದರು.

ಹದಿನಾಲ್ಕು ವರ್ಷ ಕಳೆಯಿತು. ಫ್ಲೆಕ್ಸ್ ಬೋರ್ಡು ಬಂದು ನನ್ನ ಬ್ರಷ್ಷುಗಳು ಡಬ್ಬದಲ್ಲೇ ಒಣಗತೊಡಗಿದ್ದ ಕಾಲ. ಒಂದು ದಿನ ಗಿರಿಜಾ ಮೇಡಂ ಹೇಳಿಕಳಿಸಿದರು. ಅದೇ ಕ್ಲಾಸಿನಲ್ಲಿ ಕೂತು ಓದಿದ ಹುಡುಗಿ ಅದೇ ಶಾಲೆಗೆ ಕನ್ನಡ ಟೀಚರಾಗಿ ಬಂದಿದ್ದರು. ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ ಈಗಲೂ ನಾನು ಅವರಿಗೆ ‘ಬೋರ್ಡ್ ಮಾಮ’.

“ಬೋರ್ಡ್ ಮಾಮ, ನಿಮ್ಮ ಗೋಡೇನ ಕಂಪ್ಯೂಟರಿಗೆ ಹಾಕಿದೀನಿ, ಬನ್ನಿ ನೋಡಿ” ಎಂದರು.

ನೋಡಿದೆ. ಪರದೆಯ ಮೇಲೆ ಅದೇ ಗೆರೆ. ಒಂದು ಶತಮಾನವನ್ನು ಒತ್ತಿದರೆ ಅದು ಅಂಗಳದಷ್ಟು ಅಗಲವಾಗುತ್ತಿತ್ತು. ಕವಿಯನ್ನು ಒತ್ತಿದರೆ ಊರು, ಛಂದಸ್ಸು, ಒಂದೆರಡು ಸಾಲಿನ ಪರಿಚಯ. ಎಷ್ಟು ವಚನಕಾರರು ಬಂದರೂ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವುದಿಲ್ಲ. ಮಕ್ಕಳು ಪಾಳಿ ಹಾಕಿಕೊಂಡು ಒತ್ತುತ್ತಿದ್ದರು. ಹದಿನಾಲ್ಕನೇ ಶತಮಾನದಲ್ಲಿ, ನಾನು ಕೂರಿಸಿದ ಜಾಗದಲ್ಲೇ, ನಮ್ಮ ಕವಿ ಕೂತಿದ್ದರು. ದೊಡ್ಡ ಕವಿಗಳ ಕಾಲವನ್ನೆಲ್ಲ ಮೇಡಂ ಪುಸ್ತಕ ನೋಡಿ ಸರಿಮಾಡಿದ್ದರು. ಪರೀಕ್ಷೆಗೆ ಬಾರದ ಈ ಸಣ್ಣವರ ವಿಷಯದಲ್ಲಿ ಮಾತ್ರ ಬಾಲ್ಯದ ಗೋಡೆಯನ್ನು ನಂಬಿದ್ದರು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಮೇಡಂ ಕೊನೆಯ ಪುಟ ತೋರಿಸಿದರು. ‘ಮೂಲ ಕಾಲರೇಖೆ ಬರೆದವರು’ ಎಂಬುದರ ಕೆಳಗೆ ನನ್ನ ಹೆಸರು. ಊರೆಲ್ಲರ ಹೆಸರು ಬರೆದವನ ಹೆಸರನ್ನು ಮೊದಲ ಸಲ ಬೇರೊಬ್ಬರು ಬರೆದಿದ್ದರು. ತೆರೆದ ಬಾಯಿಂದ “ಚೆನ್ನಾಗಿದೆ” ಎಂದಷ್ಟೇ ಬಂತು. ನನ್ನ ಪಾಪದಲ್ಲಿ ದೊಡ್ಡ ಪಾಲು ಗೋಡೆಯದಲ್ಲ, ಈ ‘ಚೆನ್ನಾಗಿದೆ’ಯದು.

ಮುಂದಿನ ವಾರ ಭದ್ರಾವತಿಯಲ್ಲಿ ಕನ್ನಡ ಶಿಕ್ಷಕರ ಸಭೆ. ಮೇಡಂ ಅದನ್ನು ಅಲ್ಲಿ ತೋರಿಸುವವರಿದ್ದರು. ನನ್ನನ್ನೂ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ನಾನು ಮಳೆ, ಅಡಿಕೆ ರೇಟು, ರಸ್ತೆಯ ಗುಂಡಿ ಎಲ್ಲ ಮಾತಾಡಿದೆ, ಅದೊಂದನ್ನು ಬಿಟ್ಟು.

ಸಭೆಯಲ್ಲಿ ಎಲ್ಲರೂ ಮೆಚ್ಚಿಕೊಂಡು ನೋಡುತ್ತಿದ್ದಾಗ ಹಿಂದಿನ ಸಾಲಿನಿಂದ ಹಿರಿಯ ಮೇಷ್ಟ್ರೊಬ್ಬರು ಎದ್ದರು. “ಮೇಡಂ, ಈ ಮಹಾಶಯರು ಇನ್ನೂರು ವರ್ಷ ಲೇಟಾಗಿ ಬಂದಿದಾರಲ್ಲ, ರೈಲು ಏನಾದ್ರೂ ತಪ್ಪಿತಾ?”

ಸಭೆ ನಕ್ಕಿತು. ಮೇಡಂ ಮುಖ ಕೆಂಪಾಯಿತು; ಮೌಸ್ ಹಿಡಿದ ಕೈ ಹಾಗೇ ನಿಂತಿತು. ನಾನು ಎದ್ದೆ.

“ತಪ್ಪು ಅವ್ರದ್ದಲ್ಲ ಸಾರ್, ನಂದು. ಗೋಡೇಲಿ ಕಿಟಕಿ ಅಡ್ಡ ಬಂತು, ಜಾಗ ಇರ್ಲಿಲ್ಲ.”

ಮತ್ತೆ ನಗು, ಆದರೆ ಈಗ ಪ್ರೀತಿಯದು. ಚಪ್ಪಾಳೆಯೂ ಬಿತ್ತು. ಮೇಡಂ ಕವಿಯನ್ನು ಒತ್ತಿ ಹಿಡಿದು ಹನ್ನೆರಡನೇ ಶತಮಾನಕ್ಕೆ ಎಳೆದುಬಿಟ್ಟರು. ನಾನು ಹದಿನಾಲ್ಕು ವರ್ಷ ಹೊತ್ತದ್ದು ಒಂದು ಬೆರಳಿನ ಕೆಲಸ!

ವಾಪಸು ಬರುವಾಗ ಬಸ್ಸು ಭದ್ರಾವತಿ ದಾಟುವವರೆಗೂ ಮೇಡಂ ಮುಖ ಆಚೆ ತಿರುಗಿಸಿ ಕೂತಿದ್ದರು. ಕೊನೆಗೆ, “ಏನ್ ಮಾರಾಯ್ರೇ, ಬೆಳಿಗ್ಗೆ ಪಕ್ಕದಲ್ಲೇ ಕೂತಿದ್ರಲ್ಲ, ಆಗ್ಲೇ ಒಂದ್ ಮಾತು ಹೇಳೋಕಾಗ್ಲಿಲ್ವಾ?” ಎಂದರು. “ನಾಳೆ ಕ್ಲಾಸಿಗೆ ಬನ್ನಿ. ಮಕ್ಕಳೂ ಅದನ್ನೇ ಕಲ್ತಿದಾರೆ. ನೀವೇ ಹೇಳ್ಬೇಕು.”

ಹೋದೆ. ಕಿಟಕಿಯ ಕಥೆಯನ್ನು, ಭದ್ರಾವತಿಯಲ್ಲಿ ಚಪ್ಪಾಳೆ ಸಿಕ್ಕ ಧೈರ್ಯದಿಂದ, ಸ್ವಲ್ಪ ಅಭಿನಯವನ್ನೂ ಸೇರಿಸಿ ಹೇಳಿದೆ. ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು.

“ತಾತ, ಕಿಟಕಿ ಮೇಲ್ಗಡೆ ಅಷ್ಟು ಜಾಗ ಇದೆಯಲ್ಲ. ಅಲ್ಲಿ ಹೂಬಳ್ಳಿ ಬರ್ದಿದೀರಾ. ಬಳ್ಳಿ ಹಿಡಿಸ್ತು, ಕವಿ ಹಿಡಿಸ್ಲಿಲ್ವಾ?”

ತಲೆ ಎತ್ತಿ ನೋಡಿದೆ. ಆ ಬಳ್ಳಿಯನ್ನು ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಣ್ಣ ಉಳಿದಿತ್ತು, ಜಾಗ ಇತ್ತು, ಬರೆದಿದ್ದೆ. ಓದುಗರೇ, ನಿಮಗೂ ಇಲ್ಲಿಯವರೆಗೆ ನಾನು ಕಿಟಕಿಯನ್ನೇ ಹೇಳಿಕೊಂಡು ಬಂದೆ, ಕ್ಷಮಿಸಿ. ನಿಜ ಅದಲ್ಲ. ಅಷ್ಟೂ ಹೆಸರು ಬರೆದು, ಬಳ್ಳಿಯನ್ನೂ ಬಿಡಿಸಿ, ಬ್ರಷ್ಷು ತೊಳೆದ ಮೇಲೆ ಪಂಡಿತರ ಪಟ್ಟಿಯಲ್ಲಿ ಒಂದು ಹೆಸರು ನನ್ನನ್ನೇ ನೋಡುತ್ತಿತ್ತು. ಬಳ್ಳಿ ಅಳಿಸಲು ಮನಸ್ಸು ಬರಲಿಲ್ಲ. ಎಲ್ಲಿ ಖಾಲಿ ಕಂಡಿತೋ ಅಲ್ಲಿ ಕವಿಯನ್ನು ತುರುಕಿ ಮನೆಗೆ ಹೋದೆ.

“ಕಿಟಕಿದೇನೂ ತಪ್ಪಿಲ್ಲ ಮಗಾ,” ಎಂದೆ. “ನಾನು ಅವ್ರನ್ನ ಮರ್ತೇಬಿಟ್ಟಿದ್ದೆ.”

ಅದೇ ಹುಡುಗಿ, “ಅಯ್ಯೋ, ಅಷ್ಟೇನಾ? ನಾವು ದಿನಾ ಮರೀತೀವಲ್ಲ ತಾತ!” ಎಂದಳು. ಭದ್ರಾವತಿಯಿಂದ ಬಂದ ಮೇಲೆ ಮೇಡಂ ಮೊದಲ ಬಾರಿ ನಕ್ಕರು.

ಕಿಟಕಿಯ ನೆವಕ್ಕೆ ದೊಡ್ಡವರ ಸಭೆ ಚಪ್ಪಾಳೆ ತಟ್ಟಿತ್ತು. ಮರೆತೆ ಎಂದದ್ದಕ್ಕೆ ಯಾರೂ ತಟ್ಟಲಿಲ್ಲ. ಎರಡನೇ ಬೆಂಚಿನವರು ಮಾತ್ರ ಒಬ್ಬರಿಗೊಬ್ಬರು ಒತ್ತಿಕೊಂಡು ಸರಿದು, ನನಗೂ ಸ್ವಲ್ಪ ಜಾಗ ಮಾಡಿಕೊಟ್ಟರು.