ಮಿಲ್ಕಾ ಆಜಿಗೆ ಬೇಕಿದ್ದ ಹತ್ತು ಜನ

ಚಿನ್ನದ ಗಣಿ ಮುಚ್ಚಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಪಾಳಿ ಬದಲಾಗುವಾಗ ಊರಿಗೇ ಕೇಳುವಂತೆ ಕೂಗುತ್ತಿದ್ದ ಸೈರನ್ ನಿಂತುಹೋಗಿತ್ತಂತೆ. ನಾವು ಕೆಜಿಎಫ್‌ನ ಊರಿಗಾಂ ಎಂಬ ಬಡಾವಣೆಗೆ ಬಂದದ್ದು ಅದು ನಿಂತ ಮೇಲೆ. ಅಪ್ಪನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಬೆಳಗಾವಿಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದೆವು. ಹಳೆಯ ಕಂಪನಿ ಬಂಗಲೆಯೊಂದನ್ನು ಎರಡು ಮನೆ ಮಾಡಿದ್ದರು. ಒಂದರಲ್ಲಿ ನಾವು. ಅಪ್ಪ ಅಮ್ಮನ ಹಿಂದೆ ಹೀಗೆ ಊರು ಬಿಟ್ಟು ಊರಿಗೆ ಬಂದ ಮಕ್ಕಳು ನಿಮ್ಮಲ್ಲಿ ಯಾರಾದರೂ ಇದ್ದರೆ, ಆ ಮೊದಲ ಬೇಸಿಗೆ ರಜೆ ಎಷ್ಟು ಉದ್ದವಿತ್ತೆಂದು ನಾನು ಹೇಳಬೇಕಾಗಿಲ್ಲ.

ಮಧ್ಯಾಹ್ನ ಗಾಳಿ ಎದ್ದರೆ ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳ ಬೂದುಬಣ್ಣದ ಧೂಳು ಕಿಟಕಿಯ ಸಂದಿಯಲ್ಲೂ ಬರುತ್ತಿತ್ತು. ಊಟದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಡುತ್ತಿದ್ದೆವು. ಬೀದಿಯ ಮಕ್ಕಳೆಲ್ಲ ತಮಿಳಿನಲ್ಲಿ ಆಡುತ್ತಿದ್ದರು, ತಮಿಳಿನಲ್ಲೇ ಜಗಳವಾಡುತ್ತಿದ್ದರು. ಬಂದ ಹೊಸತರಲ್ಲಿ ಧೈರ್ಯ ಮಾಡಿ ಹೋಗಿ, "ಆಡಾಕ ನಾನೂ ಬರ್ಲೇನು?" ಎಂದು ಕೇಳಿದ್ದೆ. ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನ ಸೆಲ್ವಿ ಎಂಬ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, "ಆಡಾಕ! ಬರ್ಲೇನು!" ಎಂದು ರಾಗ ಎಳೆದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮತ್ತೆ ಆ ಕಡೆ ಹೋಗಲಿಲ್ಲ.

ಒಂದು ದಿನ ಹಿತ್ತಲಿನಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ಬೆಳಗಾವಿಯ ನಮ್ಮ ಓಣಿಯಲ್ಲಿ ಎಲ್ಲರೂ ಮರಾಠಿಯವರು, ಹಾಗಾಗಿ ಎಣಿಕೆ ಬಾಯಿಗೆ ಬರುತ್ತಿದ್ದುದೂ ಮರಾಠಿಯಲ್ಲೇ. "ಏಕ್, ದೋನ್, ತೀನ್..." ಬೇಲಿಯಾಚೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಕೈತುಂಬ ನೀಲಿ ಬಣ್ಣ ಮೆತ್ತಿಕೊಂಡ ಮುದುಕಿಯೊಬ್ಬರು ನನ್ನನ್ನೇ ನೋಡುತ್ತ ನಿಂತಿದ್ದರು.

"ತೂ ಕುಠಲೀ ಗ?" ಎಂದರು. ಎಲ್ಲಿಯವಳೇ ನೀನು?

ಆ ಊರಿಗೆ ಬಂದ ಮೇಲೆ ನಗದೆ ನನ್ನನ್ನು ಮಾತನಾಡಿಸಿದ ಮೊದಲ ಹೊರಗಿನವರು ಅವರು. ಹೆಸರು ಮಿಲ್ಕಾ, ಬಂಗಲೆಯ ಇನ್ನೊಂದು ಮನೆಯವರು. ಬಣ್ಣದ ಚಿತ್ರ ಬರೆಯುತ್ತಿದ್ದರು. ಗಂಡ ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದ ಸಾಲೊಮನ್ ಸಾರ್. ಗಣಿ ಮುಚ್ಚಿದ ವರ್ಷವೇ ಅವರು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮರಾಠಿಯಲ್ಲಿ ಅಜ್ಜಿಗೆ ಆಜಿ ಎನ್ನುತ್ತಾರೆ, ನಾನು ಅವರನ್ನು ಮಿಲ್ಕಾ ಆಜಿ ಎನ್ನತೊಡಗಿದೆ.

ಎರಡೂ ಮನೆಗಳ ಪಾತ್ರೆ ತೊಳೆಯುತ್ತಿದ್ದ ಬಂಗಾರಪೇಟೆ ಕಡೆಯ ಮುನಿಯಮ್ಮ ನನ್ನ ಅಮ್ಮನಿಗೆ ಹೇಳಿದ್ದಳು: "ಆಯಮ್ಮಂದು ಯಾವ್ ಕುಲಾನೋ ಗೊತ್ತಿಲ್ಲಮ್ಮ. ಚರ್ಚ್‌ಗೂ ಓಗಲ್ಲ, ಮಸೀದಿಗೂ ಓಗಲ್ಲ. ಶನಿವಾರ ಬಂದ್ರೆ ಒಲೇನೇ ಅಚ್ಚಲ್ಲ, ತಂಗಳೇ ತಿಂತದೆ."

ಅಮ್ಮ ನಕ್ಕು, "ಶನಿವಾರ ನಾವೂ ಒಪ್ಪತ್ತ ಮಾಡ್ತೀವಲ್ಲವಾ" ಎಂದಳು.

ಮಾರನೆಯ ದಿನ ನಾನು ನೇರವಾಗಿ ಕೇಳಿಯೇಬಿಟ್ಟೆ. ಆಜಿ ಕುಂಚ ಕೆಳಗಿಟ್ಟರು. "ನಾವು ಯಹೂದಿಗಳು. ಕೊಂಕಣದ ಕಡಲ ತೀರದವರು. ಎಷ್ಟೋ ತಲೆಮಾರಿನ ಹಿಂದೆ ನಮ್ಮವರ ಹಡಗು ಅಲ್ಲಿ ಒಡೆಯಿತಂತೆ. ಏಳು ಗಂಡಸರು, ಏಳು ಹೆಂಗಸರು ಉಳಿದರು. ಗ್ರಂಥಗಳೆಲ್ಲ ಸಮುದ್ರದ ಪಾಲಾದವು."

"ಮುಂದ ಹೆಂಗ ಪೂಜಿ ಮಾಡಿದ್ರಿ?" ಮರಾಠಿ ತಡವರಿಸಿದರೆ ನನಗೆ ನಮ್ಮ ಮನೆಯ ಕನ್ನಡವೇ ಬರುತ್ತಿತ್ತು. ಅವರಿಗೆ ಅದೂ ಅರ್ಥವಾಗುತ್ತಿತ್ತು.

"ಒಂದು ಪ್ರಾರ್ಥನೆ ನೆನಪಿತ್ತು. ಹುಟ್ಟಿದರೂ ಅದೇ, ಮದುವೆಗೂ ಅದೇ, ಸತ್ತರೂ ಅದೇ. ಹೊಟ್ಟೆಪಾಡಿಗೆ ಗಾಣದಲ್ಲಿ ಎಣ್ಣೆ ತೆಗೆದರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೇ ಊರಿನವರು ಶನಿವಾರದ ಗಾಣಿಗರು ಅಂತ ಕರೆದರು."

ಅವರು ಬರೆಯುತ್ತಿದ್ದುದು ಆ ಒಡೆದ ಹಡಗಿನ ಚಿತ್ರವನ್ನೇ. ದಡ ಸೇರಿದವರಲ್ಲಿ ಒಬ್ಬ ಹುಡುಗಿ ಬೇಕಿತ್ತು. ನಾನು ಬಕೆಟ್ ನೀರು ತಲೆಯ ಮೇಲೆ ಸುರಿದುಕೊಂಡು, ತೊಟ್ಟಿಕ್ಕುವ ಕೂದಲಲ್ಲಿ ಅವರ ವರಾಂಡದ ಮೇಲೆ ಮಂಡಿ ಮಡಚಿ ಕೂರುತ್ತಿದ್ದೆ. ಅಗಸೆ ಎಣ್ಣೆ, ಟರ್ಪೆಂಟೈನ್ ವಾಸನೆ. ಬಿಸಿಲಿಗೆ ಕೂದಲು ಒಣಗಿದರೆ ಮತ್ತೆ ನೀರು. ಆ ರಜೆಯೆಲ್ಲ ನಾನು ಕೇಳಿದ್ದೂ ಕೇಳಿದ್ದೇ, ಅವರು ಹೇಳಿದ್ದೂ ಹೇಳಿದ್ದೇ. ಬೆಂಕಿಯಲ್ಲಿ ಉರಿದ ಅವರ ಹಳೆಯ ದೇವಾಲಯದ ಕಥೆ, ದೇಶದಿಂದ ದೇಶಕ್ಕೆ ಓಡಿದವರ ಕಥೆ, ದೂರದ ದೇಶಗಳಲ್ಲಿ ಅವರ ಜನರನ್ನು ರೈಲುಗಳಲ್ಲಿ ತುಂಬಿ ಕೊಂದ ಕಥೆ. ಅದನ್ನು ಹೇಳಿದ ದಿನ ಅವರು ಬಣ್ಣ ಮುಟ್ಟಲಿಲ್ಲ.

"ನಿಮ್ಮನ್ನೂ ಓಡಿಸಿದ್ರಾ?" ಎಂದೆ.

"ಇಲ್ಲ ಮಗಾ. ಈ ನೆಲದಲ್ಲಿ ನಮ್ಮನ್ನು ಯಾರೂ ಓಡಿಸಲಿಲ್ಲ. ನಾವೇ ಒಬ್ಬೊಬ್ಬರಾಗಿ ಹೋದೆವು. ಇಲ್ಲಿ ನಾನೊಬ್ಬಳು ಉಳಿದೆ."

ಸಾಲೊಮನ್ ಸಾರ್ ತೀರಿಕೊಂಡ ದಿನ ಹತ್ತಿರ ಬಂದಾಗ ಅವರು ಮಂಕಾದರು. ಸತ್ತವರಿಗಾಗಿ ಹೇಳುವ ಒಂದು ಪ್ರಾರ್ಥನೆ ಇದೆ, ಹತ್ತು ಗಂಡಸರು ಕೂಡದೆ ಹೇಳುವಂತಿಲ್ಲ ಎಂದರು.

"ನಾನು ಲೆಕ್ಕಕ್ಕಿಲ್ಲೇನು?"

"ಹೆಂಗಸರು ಲೆಕ್ಕಕ್ಕಿಲ್ಲ. ನಾನೂ ಇಲ್ಲ. ಅವರನ್ನು ಮಣ್ಣು ಮಾಡಿದಾಗಲೂ ಹತ್ತು ಜನ ಇರಲಿಲ್ಲ."

ನನ್ನ ತಲೆಯಲ್ಲಿ ಉಳಿದದ್ದು ಹತ್ತು ಗಂಡಸರು ಎಂಬುದಷ್ಟೇ. ಆ ದಿನದ ಹಿಂದಿನ ಸಂಜೆ ಲೈನಿನ ಕಡೆ ನಡೆದೆ. ತಗಡಿನ ಮನೆಯ ಬಾಗಿಲಲ್ಲಿ ಸೆಲ್ವಿ ನಿಂತಿದ್ದಳು. "ನಿಮ್ಮ ಅಪ್ಪ ಎಲ್ಲಿ?" ಎಂದೆ. ಅವಳು ಈ ಸಲ ನಗಲಿಲ್ಲ. ನನ್ನ ಮುಖ ನಗುವ ಹಾಗಿರಲಿಲ್ಲವೋ ಏನೋ. ನಾನು ಅರ್ಧ ಹೇಳುವಷ್ಟರಲ್ಲಿ, ಗಣಿಯಲ್ಲಿ ದುಡಿದಿದ್ದ ಅವಳ ಅಪ್ಪ ಮಾರಿಮುತ್ತು ಹೊರಗೆ ಬಂದರು.

"ಸಾಲೊಮನ್ ಸಾರ್‌ಗಾ? ಮಣ್ಣು ಮಾಡ್ದಾಗ ಅವರ ಪೆಟ್ಟಿಗೆ ಒತ್ತೋನು ನಾನು. ಓಗಮ್ಮ, ಕರ್ಕೊಂಡ್ ಬತ್ತೀನಿ."

ಮಾರನೆಯ ಸಂಜೆ ಅವರು ಬಂದರು. ಹತ್ತಕ್ಕಿಂತ ಹೆಚ್ಚೇ ಇದ್ದರು. ಎಲ್ಲರೂ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಚಪ್ಪಲಿ ಗೇಟಿನಾಚೆ ಬಿಟ್ಟು ನಿಂತಿದ್ದರು. ಬಾಗಿಲು ತೆರೆದ ಆಜಿಗೆ ಏನೂ ತಿಳಿಯಲಿಲ್ಲ. ನಾನು ಹೆಮ್ಮೆಯಿಂದ, "ನೀವು ಕೇಳಿದ್ರಲ್ಲ, ಹತ್ತು ಗಂಡಸರು" ಎಂದೆ.

ಅವರು ನನ್ನನ್ನು ನೋಡಿದ ಆ ನೋಟಕ್ಕೆ ಅಂದು ನನಗೆ ಅರ್ಥ ಗೊತ್ತಾಗಲಿಲ್ಲ. "ನಮ್ಮವರೇ ಆಗಬೇಕು ಮಗಾ. ಆ ಮಾತು ಬಲ್ಲವರು ಆಗಬೇಕು" ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿ, ಬಂದವರಿಗೆ ಚಾಪೆ ಹಾಸಿದರು. ಅವಲಕ್ಕಿಗೆ ಬೆಲ್ಲ, ತೆಂಗಿನತುರಿ, ಏಲಕ್ಕಿ ಹಾಕಿ ಮಲೀದಾ ಕಲಸಿ ಎಲ್ಲರ ಕೈಗೂ ಕೊಟ್ಟರು. ಅದು ಅವರ ಮನೆಯ ಪ್ರಸಾದ.

ತಿನ್ನುತ್ತ ತಿನ್ನುತ್ತ ಮಾರಿಮುತ್ತು ಹೇಳಿದರು: "ಒಂದ್ಸಲ ಕರೆಂಟ್ ಓಗಿ, ಗಣಿಯೊಳಕ್ಕೆ ನಮ್ಮನ್ನ ಇಳ್ಸೋ ಕೇಜು ನಡೂಮಧ್ಯ ನಿಂತೋಯ್ತಮ್ಮ. ಮೇಲೂ ಇಲ್ಲ, ಕೆಳಗೂ ಇಲ್ಲ. ಕತ್ಲೆ. ಸಾರ್ ನಮ್ ಜೊತೇಲೇ ಇದ್ರು. ನಾವು ಎದರ್ಬಾರ್ದು ಅಂತ ಆಡ್ತಾನೇ ಇದ್ರು, ಯಾವ ಬಾಷೇನೋ. ಆ ರಾಗ ಇನ್ನೂ ಗ್ಯಾಪಕ ಅದೆ."

"ಹಾಡಿ" ಎಂದರು ಆಜಿ.

ಮಾರಿಮುತ್ತು ನಾಚುತ್ತ ಗುನುಗಿದರು. ಮಾತುಗಳಿರಲಿಲ್ಲ, ರಾಗವಷ್ಟೇ. ಶುಕ್ರವಾರದ ಸಂಜೆ ದೀಪ ಹಚ್ಚಿದ ಮೇಲೆ ಆಜಿಯ ಮನೆಯಲ್ಲಿ ಹಾಡುತ್ತಿದ್ದ ಹಾಡಂತೆ ಅದು. ಆಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುದುಕರಾದವರು ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಎರಡು ದಿನ ಅವರು ನನ್ನನ್ನು ಚಿತ್ರಕ್ಕೆ ಕೂರಿಸಿಕೊಳ್ಳಲಿಲ್ಲ. ಮೂರನೆಯ ದಿನ ಬೇಲಿಯ ಹತ್ತಿರ ಕರೆದು, "ಮುಂಬೈಗೆ ತಂಗಿಯ ಮನೆಗೆ ಹೋಗ್ತೀನಿ ರೇಣು. ಆ ಹಾಡಿಗೆ ಮಾತು ಗೊತ್ತಿರುವವರ ಜೊತೆ ಇರಬೇಕು ಅನ್ನಿಸ್ತಿದೆ. ಇಷ್ಟು ದಿನ ಅನ್ನಿಸಿರಲಿಲ್ಲ" ಎಂದರು.

"ನಾ ಅವ್ರನ್ನ ಕರೀಬಾರ್ದಿತ್ತೇನು?"

"ನೀನು ಕರೆದದ್ದು ಒಳ್ಳೆಯದೇ ಆಯಿತು" ಎಂದರು. ನನಗೆ ಒಳ್ಳೆಯದಾಗಿರಲಿಲ್ಲ.

ಶಾಲೆ ತೆರೆಯುವ ಮುಂಚೆ ಅವರು ಹೊರಟರು. ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಅಮ್ಮ ಮತ್ತು ನಾನು ಬಂಗಾರಪೇಟೆವರೆಗೆ ಜೊತೆಗೆ ಹೋದೆವು. ದಾರಿಯುದ್ದಕ್ಕೂ ಸುರುಳಿ ಸುತ್ತಿದ ಹಡಗಿನ ಚಿತ್ರ ಅವರ ಮಡಿಲಲ್ಲೇ ಇತ್ತು. ಇಳಿಯುವಾಗ ಅಮ್ಮ ಅವರ ಕೈ ಹಿಡಿದು, "ಹೋಗಿ ಬರ್ರಿ ಅಕ್ಕಾರ" ಎಂದಳು. ಮುಂದಿನ ವರ್ಷ ಅವರ ತಂಗಿ ಅಪ್ಪನ ಆಫೀಸಿಗೆ ಫೋನ್ ಮಾಡಿ, ಮಿಲ್ಕಾ ಹೋಗಿಬಿಟ್ಟರು, ಮಣ್ಣು ಮಾಡಿದ ದಿನ ಜನ ತುಂಬ ಇದ್ದರು ಎಂದರಂತೆ.

ಸೆಲ್ವಿ ನನ್ನ ಗೆಳತಿಯಾದಳು. ತಮಿಳು ಕಲಿತೆ, ಈ ಊರಿನವಳೇ ಆದೆ. ಈಗ ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಪಾಠದಲ್ಲಿ ಯಹೂದಿಗಳ ಮಾತು ಬಂದಾಗ, "ನಮ್ಮ ಊರಿಗಾಂನಲ್ಲೂ ಒಬ್ಬರಿದ್ದರು" ಎನ್ನುತ್ತೇನೆ. ಮಕ್ಕಳು ನಂಬುವುದಿಲ್ಲ. "ಮನೆ ಎಲ್ಲೈತೆ ಮಿಸ್? ಫೋಟೋ ಐತಾ?" ಎನ್ನುತ್ತಾರೆ. ಮನೆ ಕುಸಿದು ಅಲ್ಲಿ ಜಾಲಿ ಬೆಳೆದಿದೆ. ಫೋಟೋ ಯಾರೂ ತೆಗೆಯಲಿಲ್ಲ. ಅವರ ಮಾತು ನನಗೆ ಇವತ್ತಿಗೂ ಸಾಲುಸಾಲಾಗಿ ನೆನಪಿದೆ. ಅದನ್ನು ಹೇಳಿದ ದನಿ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಕಿವಿಗೆ ಬರುವುದಿಲ್ಲ. ಮಕ್ಕಳಿಗೆ ನಾನು ಹೇಳುವಾಗ ಕೇಳಿಸುವುದು ನನ್ನ ದನಿಯೇ.