ಸೂಜಿಯಲ್ಲಿ ದಾರವಿದ್ದ ಮಿಷನ್‌ಗಳು

ಮಿಷನಮ್ಮನಿಗೆ ದುಡ್ಡು ಕಂಡರೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೈವಭಕ್ತರ ಕಥೆ ಎಂದ ಕೂಡಲೇ ನಮ್ಮ ಜನ ಹರಕು ಬಟ್ಟೆ, ಅರೆಹೊಟ್ಟೆಗಳನ್ನು ನೆನೆಸಿಕೊಂಡು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಇವರು ಹಾಗಲ್ಲ. ಹಳೆಯ ಹೊಲಿಗೆ ಮಿಷನ್‌ಗಳನ್ನು ಕೊಂಡು, ರಿಪೇರಿ ಮಾಡಿ ಮಾರುವುದು ಅವರ ಕಸುಬು. ಚೌಕಾಸಿಗೆ ನಿಂತರೆ ಎದುರಿನವನ ಬೆವರಿಳಿಸುತ್ತಿದ್ದರು. ಬೆಳಗ್ಗೆ ಶಟರ್ ಎತ್ತುವ ಮೊದಲು ಕಣ್ಣು ಮುಚ್ಚಿ ನಿಂತು, ವ್ಯಾಪಾರ ಚೆನ್ನಾಗಿ ಆಗಲಿ ಎಂದು ದೇವರನ್ನು ನಾಚಿಕೆಯಿಲ್ಲದೆ ಕೇಳುತ್ತಿದ್ದರು. ದುಡ್ಡು ಬೇಡ ಅನ್ನುವವರನ್ನು ಕಂಡರೆ ದೇವರಿಗೇನೂ ವಿಶೇಷ ಪ್ರೀತಿಯಿಲ್ಲ, ಅದು ಯಾರ ಕೈಯಿಂದ ಹೇಗೆ ಬಂತು ಅನ್ನುವುದನ್ನಷ್ಟೇ ಅವನು ನೋಡುತ್ತಾನೆ ಎಂದು ಅವರ ವಾದ.

ಅದಕ್ಕೇ ಅವರದೊಂದು ಕಟ್ಟುನಿಟ್ಟು. ಸೂಜಿಯಲ್ಲಿ ದಾರ ಇರುವ ಮಿಷನ್ ಕೊಳ್ಳುತ್ತಿರಲಿಲ್ಲ. ದಾರ ಇದೆ ಅಂದರೆ ಯಾರೋ ಅದರ ಮುಂದೆ ಕೂತು ಅನ್ನ ಸಂಪಾದಿಸುತ್ತಿದ್ದಾರೆ ಎಂದರ್ಥ. ಹಿಂದೆ ಗಂಡ ಹಾಸಿಗೆ ಹಿಡಿದಾಗ ಮೈದುನ ಹೇಳದೆ ಕೇಳದೆ ಅವರ ಮಿಷನ್ನನ್ನೇ ಮಾರಿದ್ದ. ಕೊಂಡವನು ಸೂಜಿಯಡಿ ಇದ್ದ ಅರ್ಧ ಹೊಲಿದ ಅಂಗಿಯನ್ನು ದಾರ ಕಿತ್ತು ಅವರ ಕೈಗಿಟ್ಟು, ಮಿಷನ್ ಹೊತ್ತುಕೊಂಡು ನಡೆದಿದ್ದ. ತಾನು ಅಂಥ ಗಿರಾಕಿಯಾಗಬಾರದು ಎಂದು ಅವರು ಆಗಲೇ ನಿಶ್ಚಯಿಸಿಕೊಂಡಿದ್ದರು.

ಸೊಸೆಗೆ ಈ ನೇಮದ ಮೇಲೆ ಗೌರವವಿತ್ತು, ಆದರೆ ಅಂಗಡಿಯ ಮೇಲೆ ಪ್ರಾಣವೇ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಕೆಲಸ ಕಲಿಸಿದ್ದು ಅಲ್ಲಿಯೇ. ಅದು ಬಾಡಿಗೆಯ ಅಂಗಡಿ. ಮಾಲೀಕ ಈಗ ಅದನ್ನು ಮಾರಲು ಹೊರಟಿದ್ದ. ತಿಂಗಳ ಕೊನೆಯೊಳಗೆ ಮುಂಗಡ ಕೊಟ್ಟರೆ ನಿಮಗೆ, ಇಲ್ಲವಾದರೆ ಪಕ್ಕದ ಪಾತ್ರೆ ಅಂಗಡಿಯವನಿಗೆ ಎಂದುಬಿಟ್ಟಿದ್ದ. ಅತ್ತೆ ಸೊಸೆ ಇಬ್ಬರೂ ಎಲ್ಲೆಲ್ಲಿ ತಡಕಿದರೂ ಅಷ್ಟು ಒಟ್ಟಾಗಲಿಲ್ಲ.

ಅಷ್ಟರಲ್ಲಿ ಸಿದ್ಧ ಉಡುಪು ಹೊಲಿಸುವವನೊಬ್ಬ ಹೇಳಿ ಕಳಿಸಿದ. ಕಾರ್ಖಾನೆ ಮುಚ್ಚುತ್ತಿದ್ದೇನೆ, ಎಲ್ಲ ಮಿಷನ್‌ಗಳೂ ಅರ್ಧ ಬೆಲೆಗೆ, ನಾಳೆ ಮಧ್ಯಾಹ್ನ ಊಟದ ಹೊತ್ತಿಗೇ ಬಂದು ಎತ್ತಿಕೊಂಡು ಹೋಗಬೇಕು. ಅವನ್ನು ಮಾರಿದರೆ ಮುಂಗಡ ಹೊಂದಿಸುವುದು ನೀರು ಕುಡಿದಷ್ಟು ಸುಲಭವಿತ್ತು.

ಮರುದಿನ ಅತ್ತೆ ವ್ಯಾನ್ ಗೊತ್ತುಮಾಡಲು ಹೋದರು, ಸೊಸೆ ಮೊದಲೇ ಕಾರ್ಖಾನೆಗೆ ಹೋದಳು. ಮಹಡಿಯ ಮೇಲೆ ಉದ್ದನೆಯ ಕೋಣೆ. ಹೊಲಿಯುವ ಹೆಂಗಸರು ಹಿತ್ತಲಲ್ಲಿ ಊಟಕ್ಕೆ ಕೂತಿದ್ದರು, ಅವರ ಮಾತು ಕಿಟಕಿಯಿಂದ ಕೇಳುತ್ತಿತ್ತು. ಕುರ್ಚಿಗಳ ಮೇಲೆ ಮಡಿಸಿಟ್ಟ ಹಳೇ ಬಟ್ಟೆ, ಒಂದು ಮಿಷನ್ ಮೇಲೆ ಯಾರದೋ ಕನ್ನಡಕ. ಪ್ರತಿಯೊಂದು ಸೂಜಿಯಲ್ಲೂ ನೀಲಿ ದಾರ. ಸೊಸೆ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಒಂದೊಂದೇ ದಾರ ಎಳೆದು ತೆಗೆದು, ಉಂಡೆಗಳನ್ನು ಡ್ರಾಯರಿಗೆ ಹಾಕಿ, ಅರ್ಧ ಹೊಲಿದ ಅಂಗಿತೋಳುಗಳನ್ನೆಲ್ಲ ಬುಟ್ಟಿಗೆ ತುರುಕಿದಳು. ಪಳಗಿದ ಕೈ, ಬೇಗ ಮುಗಿಯಿತು.

ಅತ್ತೆ ಬಂದರು, ಹಿಂದೆಯೇ ಕಾರ್ಖಾನೆಯ ಮಾಲೀಕ. ಸೂಜಿಗಳೆಲ್ಲ ಬೋಳು. ಅತ್ತೆಯ ಮುಖ ಅರಳಿದ್ದನ್ನು ಸೊಸೆ ಕಣ್ಣಾರೆ ಕಂಡಳು. ಅರ್ಧ ಬೆಲೆಯಲ್ಲೂ ಚೌಕಾಸಿ ಮಾಡಿ ಅವರು ಇನ್ನಷ್ಟು ಇಳಿಸಿದರು. ಮಾತು ಮುಗಿಯುವ ಹೊತ್ತಿಗೆ ಬಗ್ಗಿ ಒಂದು ಮಿಷನ್ನಿನ ಸೂಜಿಯ ಕೆಳಗಿನ ತಗಡನ್ನು ಸರಿಸಿದರು. ಹೊಲಿಗೆಗೆ ಎರಡು ದಾರ ಬೇಕು, ಮೇಲೊಂದು, ಕೆಳಗಿನ ಬಾಬಿನ್‌ನಲ್ಲೊಂದು. ಬಾಬಿನ್ ತುಂಬ ನೀಲಿ ದಾರವಿತ್ತು. ಪಕ್ಕದ್ದನ್ನು ತೆರೆದರೆ ಅಲ್ಲೂ ಅದೇ. ಸೊಸೆ ಗೋಡೆ ನೋಡುತ್ತಾ ನಿಂತಳು.

ಕಾರ್ಖಾನೆ ಮುಚ್ಚುವ ವಿಷಯ ಹೆಂಗಸರಿಗೆ ಗೊತ್ತೋ ಎಂದು ಅತ್ತೆ ಕೇಳಿದಾಗ ಮಾಲೀಕ, ಊಟ ಮುಗಿಸಿ ಬಂದ ಮೇಲೆ ಹೇಳಿದರಾಯಿತು ಎಂದ. ಮಿಷನಮ್ಮ ಕೊಂಡುಕೊಳ್ಳಲಿಲ್ಲ. ಇದೇ ಬೆಲೆಗೆ ಮೊದಲು ಅವರನ್ನು ಕೇಳು, ಅವರು ಬೇಡವೆಂದದ್ದನ್ನು ನಾನು ಸರಿಯಾದ ಬೆಲೆಗೆ ತೆಗೆದುಕೊಳ್ಳುತ್ತೇನೆ ಎಂದರು. ಭಕ್ತಿ ಇರುವವರಿಗೆ ವ್ಯಾಪಾರ ಯಾಕೆ ಎಂದು ಅವನು ಗೊಣಗಿದ. ಅವರು ಸೊಸೆಯ ಕಡೆ ತಿರುಗಿ, "ನನ್ನ ಕಣ್ಣು ಮಂಜು. ನೀನೇ ಎಲ್ಲದಕ್ಕೂ ದಾರ ಪೋಣಿಸಿಬಿಡು," ಎಂದರು. ಅವಳು ಪೋಣಿಸಿದಳು. ಒಂದೊಂದು ಸೂಜಿಯೂ ಸತಾಯಿಸಿತು.

ಹೆಂಗಸರು ಬಂದ ಮೇಲೆ ಮಿಷನಮ್ಮ ತಾವೇ ಎಲ್ಲ ಹೇಳಿದರು. ಹೆಚ್ಚಿನವರು ತಮ್ಮ ತಮ್ಮ ಮಿಷನ್‌ಗಳನ್ನು ಕಂತಿನಲ್ಲಿ ಕೊಂಡರು, ಜಾಮೀನು ನಿಂತದ್ದು ಮಿಷನಮ್ಮನೇ. ವ್ಯಾಪಾರ ಕುದುರಿಸಿದ್ದಕ್ಕೆ ಮಾಲೀಕನಿಂದ ಕಮಿಷನ್ನನ್ನೂ ಬಿಡದೆ ಕಿತ್ತುಕೊಂಡರು. ಅದು ಯಾವ ಮೂಲೆಗೂ ಸಾಲಲಿಲ್ಲ. ತಿಂಗಳ ಕೊನೆಗೆ ಅಂಗಡಿ ಪಾತ್ರೆಯವನ ಪಾಲಾಯಿತು, ಇವರು ಹಿಂದಿನ ಗಲ್ಲಿಯ ಇಕ್ಕಟ್ಟಾದ ಕೋಣೆಗೆ ಹೋದರು. ಅದೆಲ್ಲ ಆಮೇಲಿನ ಮಾತು.

ಆ ಸಂಜೆ ಇಬ್ಬರೂ ಮನೆಗೆ ನಡೆಯುತ್ತಿದ್ದರು. ಸೊಸೆಗೆ ತಡೆಯಲಾಗಲಿಲ್ಲ.

"ಅತ್ತೆ, ದಾರ ಕಿತ್ತಿದ್ದು ನಾನು."

"ಗೊತ್ತು."

"ಹಾಗಾದ್ರೆ ಬೈದುಬಿಡಿ."

"ಯಾವ ಬಾಯಲ್ಲಿ ಬೈಲಿ?" ಮಿಷನಮ್ಮ ನಿಂತರು. "ಆ ಸೂಜಿಗಳಲ್ಲಿ ದಾರ ಇಲ್ಲದ ಹಾಗೆ ಮಾಡಪ್ಪಾ ಅಂತ ಬೆಳಗ್ಗೆ ದೇವರನ್ನ ಕೇಳ್ಕೊಂಡಿದ್ದೆ."

ಸ್ವಲ್ಪ ದೂರ ನಡೆದ ಮೇಲೆ ಸೊಸೆ ಕೇಳಿದಳು. "ಮತ್ತೆ ಕೆಳಗೆ ಯಾಕೆ ನೋಡಿದ್ರಿ?"

"ನೋಡಬಾರದು ಅಂತ ಎಷ್ಟು ಆಸೆ ಆಯ್ತು ಗೊತ್ತಾ," ಎಂದರು ಅತ್ತೆ. "ಅದಕ್ಕೇ ನೋಡಿದೆ."